ಹೂದಾನಿಯ ತಳದ ಫೋಟೋ ಹಾಕಿ

ಸುಂಟಿಕೊಪ್ಪದ ಹಳೇ ಎಸ್ಟೇಟ್ ಬಂಗಲೆಯ ಸಾಮಾನು ಮಾರುವಾಗ ಸಿಕ್ಕ ನೀಲಿ-ಹಸಿರು ಹೂದಾನಿ ಗಾಜಿನ ಕೆಲಸಕ್ಕೆ ಹೆಸರಾದ ಇಟಲಿಯ ಮುರಾನೋದ್ದಾ ಅಂತ ಕೇಳಿದ್ದೀರಿ. ದಪ್ಪ ಗಾಜು, ಒಳ್ಳೇ ಭಾರ, ನಡುವೆ ಮರಳಿನ ಬಣ್ಣದ ಪಟ್ಟೆ ಅಂದಿರಿ. ನನಗೆ ಮಾಲ್ಟಾದ ಗಾಜಿನ ಕಾರ್ಖಾನೆ ಎಮ್ಡೀನಾ ಗ್ಲಾಸ್ ಮೇಲೆ ಅನುಮಾನ ಜಾಸ್ತಿ. ಗಾಜಿನ ಕಲಾವಿದ ಮೈಕಲ್ ಹ್ಯಾರಿಸ್ ಅಲ್ಲಿ 1968ರಲ್ಲಿ ಕೆಲಸ ಶುರು ಮಾಡಿದರು. ಸಮುದ್ರ ಮತ್ತು ಮರಳಿನ ಈ ಬಣ್ಣಗಳು ಅವರ ಗಾಜಿನಲ್ಲಿ ಎದ್ದು ಕಾಣುತ್ತವೆ. ಎಷ್ಟು ಚೆಂದ ಅಲ್ವಾ!

ಆದರೆ ಬಣ್ಣವೊಂದನ್ನೇ ನಂಬಬೇಡಿ. ತಳವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಮ್ಡೀನಾದಲ್ಲಿ ಎಷ್ಟೋ ಸಲ ಹೆಸರನ್ನು ಕೈಯಿಂದಲೇ ಗೀಚಿರುತ್ತಾರೆ. ಗೀಟು ತೀರಾ ಸಣ್ಣ, ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಮಧ್ಯದಲ್ಲಿ ಒರಟು ಕಲೆ ಅಥವಾ ಉಜ್ಜಿ ನಯಮಾಡಿದ ಗುಳಿ ಇದ್ದರೆ, ಬಾಯಿ ತಿದ್ದುವಾಗ ಕಬ್ಬಿಣದ ಸಲಾಕೆಗೆ ಅಂಟಿಸಿದ್ದ ಜಾಗ ಅದು. ಅದರಿಂದ ಕೈಕೆಲಸ ಅಂತ ಗೊತ್ತಾಗುತ್ತದೆ, ಮಾಡಿದವರು ಯಾರು ಅಂತಲ್ಲ. ತಳದ ಅಂಚಿನ ಸವೆತವನ್ನೂ ನೋಡಿ. ವರ್ಷಗಟ್ಟಲೆ ಮೇಜಿನ ಮೇಲಿದ್ದರೆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಒಂದೇ ದಿಕ್ಕಿಗಿದ್ದರೆ ಯಾರೋ ಮರಳುಕಾಗದ ಉಜ್ಜಿರಬಹುದು.

ಮುರಾನೋ ಸ್ಟಿಕರ್ ಇದ್ದರೂ ಅದೊಂದೇ ಸಾಕ್ಷಿಯಲ್ಲ, ಸುಮ್ನೆ ಅಂಟಿಸುವವರೂ ಇದ್ದಾರೆ. ಹಾಗಂತ ಕೀಳಬೇಡಿ, ನೆನೆಸಲೂಬೇಡಿ.

ನಮ್ಮ ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಒದ್ದೆ ಹೂದಾನಿಯನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಬೇಡಿ. ಒಳಗೆ ನೀರು ತುಂಬಾ ದಿನ ನಿಂತರೆ ಗಾಜೇ ಮಸುಕಾಗುತ್ತದೆ, ಆ ಮಸುಕು ತೊಳೆದರೂ ಹೋಗುವುದಿಲ್ಲ. ಚೆನ್ನಾಗಿ ಒಣಗಿಸಿ, ಗಾಳಿಯಾಡುವ ಕಪಾಟಿನಲ್ಲಿಡಿ. ತಳದ ಫೋಟೋ ಹಾಕಿ, ನೋಡಿ ಹೇಳುತ್ತೇನೆ.