ಕಬ್ಬಿಣ ತೆಗೆದ ಮೇಲೆ ಉಳಿಯುವ ಕಾಲು ಪಾಲು

ಮಾನ್ಯರೇ,

ಅಂಗಳದಲ್ಲಿ ನಿಂತು ಕಡಲಗಾಳಿಗೆ ಅಡಿತಗಡು ತಿಂದುಹೋಗಿರುವ ತಮ್ಮ ಹಳೆಯ ಕಾರನ್ನು ಸಂತೆಕಟ್ಟೆಯ ಗುಜರಿಯವರು ಕೈಗೆ ಹಣವಿತ್ತು ಒಯ್ಯಲು ಸಿದ್ಧರಿರುವಾಗ, ಅದನ್ನು ಹಳೆಯ ವಾಹನ ಒಡೆಯಲೆಂದು ಸರ್ಕಾರದಲ್ಲಿ ನೋಂದಾಯಿತವಾದ ಕೇಂದ್ರಕ್ಕೇ ಕೊಡಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದೇಕೆ, ಎರಡು ಕಡೆಯೂ ಒಡೆಯುವುದು ಅದೇ ಕಾರನ್ನಲ್ಲವೇ ಎಂದು ಕೇಳಿದ್ದೀರಿ.

ಗುಜರಿಯವರು ಕೆಲಸ ಬಲ್ಲವರು ಎಂಬ ತಮ್ಮ ಮಾತು ನಿಜ. ಇನ್ನೊಂದು ಕಾರಿಗೆ ಹೊಂದುವ ಬಾಗಿಲು, ಗೇರ್‌ಬಾಕ್ಸ್, ಹೆಡ್‌ಲೈಟುಗಳನ್ನು ಅವರು ಕುಲುಮೆಗೆ ಬಿಡುವುದಿಲ್ಲ. ಬಿಡಿಭಾಗವನ್ನು ಹಾಗೆಯೇ ಬಳಸುವುದು ಕರಗಿಸುವುದಕ್ಕಿಂತ ಯಾವತ್ತೂ ಮೇಲು. ಕಾರಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಬ್ಬಿಣ ಮತ್ತು ಉಕ್ಕು; ಅಲ್ಯೂಮಿನಿಯಂ, ತಾಮ್ರಗಳನ್ನೂ ಕೂಡಿಸಿದರೆ ಲೋಹವೇ ಮುಕ್ಕಾಲು ಪಾಲು. ಅಷ್ಟನ್ನು ಬೆಲೆಯೇ ಕಾಯುತ್ತದೆ. ನಮ್ಮ ಆತಂಕವಿರುವುದು ಕೊಳ್ಳುವವರಿಲ್ಲದ ಉಳಿದ ಪಾಲಿನ ಬಗ್ಗೆ.

ಅದರಲ್ಲಿ ಮೊದಲನೆಯದು ದ್ರವಗಳು. ನೋಂದಾಯಿತ ಕೇಂದ್ರದಲ್ಲಿ ಬ್ಯಾಟರಿ ಕಳಚಿ, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್‌ಗಳನ್ನು ಬಸಿದು, ಎ.ಸಿ.ಯ ಅನಿಲವನ್ನು ಸಿಲಿಂಡರಿಗೆ ಎಳೆದುಕೊಂಡ ಮೇಲೆಯೇ ಒಡೆಯುವ ಕೆಲಸ ಶುರುವಾಗಬೇಕು. ಆಟಿ ತಿಂಗಳ ಮಳೆಗೆ ಬಾವಿಯ ನೀರು ಕಟ್ಟೆಯ ಹತ್ತಿರಕ್ಕೆ ಏರುವ ನಮ್ಮ ಊರುಗಳಲ್ಲಿ, ತೂತುತೂತಾದ ಮುರಕಲ್ಲಿನ ನೆಲಕ್ಕೆ ಸುರಿದ ಎಣ್ಣೆ ಎಲ್ಲಿಗೆ ಇಳಿಯುತ್ತದೆಂದು ತಮಗೆ ಹೇಳಬೇಕಿಲ್ಲ.

ಎರಡನೆಯದು ಹೆಚ್ಚು ತೊಡಕಿನದು. ದೊಡ್ಡ ಕಾರ್ಖಾನೆಗಳಲ್ಲಿ ಕಾರಿನ ಕವಚವನ್ನು ಸುತ್ತಿಗೆಗಳ ಯಂತ್ರದಲ್ಲಿ ಚೂರು ಮಾಡಿ, ಅಯಸ್ಕಾಂತದಿಂದ ಕಬ್ಬಿಣವನ್ನೂ ಬಳಿಕ ಸುಳಿವಿದ್ಯುತ್ತಿನಿಂದ (ಬದಲಾಗುವ ಕಾಂತಕ್ಷೇತ್ರ ಲೋಹದೊಳಗೆ ಹುಟ್ಟಿಸುವ ವಿದ್ಯುತ್ತು) ಅಲ್ಯೂಮಿನಿಯಂ, ತಾಮ್ರಗಳನ್ನೂ ಬೇರ್ಪಡಿಸುತ್ತಾರೆ. ಕೊನೆಗುಳಿಯುವುದು ಸೀಟಿನ ಸ್ಪಂಜು, ಕಾರ್ಪೆಟ್ಟು, ರಬ್ಬರು, ಪ್ಲಾಸ್ಟಿಕ್ಕು, ಗಾಜಿನ ಪುಡಿ, ಬಣ್ಣದ ಧೂಳು ಮತ್ತು ಎಳೆಯಷ್ಟು ತೆಳುವಾದ ವೈರುಗಳು ಕಲಸಿಕೊಂಡ ಬೂದುಬಣ್ಣದ ರಾಶಿ. ನೀರಿನಲ್ಲಿ ತೇಲಿಸಿದರೆ ಪಾಲಿಪ್ರೊಪಿಲೀನ್ ಎಂಬ ಹಗುರ ಪ್ಲಾಸ್ಟಿಕ್ಕು ಮೇಲೆ ಬರುತ್ತದೆ, ವೈರಿನ ಹೊದಿಕೆಯ ಪಿ.ವಿ.ಸಿ. ಪ್ಲಾಸ್ಟಿಕ್ಕು ಮುಳುಗುತ್ತದೆ, ಉರಿಯುವ ಭಾಗವನ್ನು ಸಿಮೆಂಟ್ ಗೂಡುಗಳಲ್ಲಿ ಇಂಧನವಾಗಿ ಬಳಸಬಹುದು, ಆದರೆ ಪಿ.ವಿ.ಸಿ.ಯ ಕ್ಲೋರಿನ್ ಅಲ್ಲಿಯೂ ಕಾಟ ಕೊಡುತ್ತದೆ. ಯುರೋಪಿನಲ್ಲಿ 2015ರಿಂದ ವಾಹನದ ತೂಕದ ಶೇಕಡ 95ರಷ್ಟನ್ನು ಮರಳಿ ಪಡೆಯಬೇಕೆಂಬ ಕಟ್ಟಳೆ ಇರುವುದರಿಂದ ಈ ರಾಶಿಗೆ ಕೈಹಾಕದೆ ಅಲ್ಲಿಯವರಿಗೆ ಗತಿಯಿಲ್ಲ.

ತಾಮ್ರದ ವಿಚಾರದಲ್ಲಿ ಮಾತ್ರ ಯಂತ್ರಕ್ಕಿಂತ ನಮ್ಮ ಗುಜರಿಯವರ ಕೈಯೇ ಮೇಲೆಂದು ನಮಗೆ ಅನಿಸುತ್ತದೆ. ವೈರು ಸಿಕ್ಕಿಕೊಂಡ ಕಬ್ಬಿಣ ಕುಲುಮೆಗೆ ಹೋದರೆ, ಕರಗಿದ ಉಕ್ಕಿನಿಂದ ತಾಮ್ರವನ್ನು ತೆಗೆಯಲು ಸುಲಭದ ದಾರಿಯಿಲ್ಲ. ಅಂಥ ಉಕ್ಕನ್ನು ಕಾಯಿಸಿ ತಟ್ಟುವಾಗ ಮೈ ಬಿರಿಯುತ್ತದೆ, ಮತ್ತೆ ಕಾರಿನ ತಗಡಿಗೆ ಬಾರದೆ ಕಟ್ಟಡದ ಸರಳಿಗಷ್ಟೇ ಸಲ್ಲುತ್ತದೆ. ಕೈಯಿಂದ ವೈರಿಂಗನ್ನು ಇಡಿಯಾಗಿ ಎಳೆದು ತೆಗೆಯುವವರು ಈ ತೊಂದರೆಯನ್ನು ಮೊದಲೇ ತಪ್ಪಿಸುತ್ತಾರೆ. ಆಮೇಲೆ ಅದರ ಹೊದಿಕೆಯನ್ನು ಸುಲಿಯದೆ ಬೆಂಕಿಗೆ ಹಾಕಿದರೆ ಮಾತ್ರ ಗಳಿಸಿದ್ದೆಲ್ಲ ಹೋಯಿತು, ಪಿ.ವಿ.ಸಿ. ಮತ್ತು ತಾಮ್ರ ಒಟ್ಟಿಗೆ ಬೆಂದಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ.

ನೋಂದಾಯಿತ ಎಂಬ ಫಲಕ ನೋಡಿದೊಡನೆ ನೆಮ್ಮದಿಯಾಗಿರಿ ಎಂದೂ ನಾವು ಹೇಳಲಾರೆವು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ನಿಯಮಗಳು ವಾಹನ ತಯಾರಕರಿಗೆ ಮರುಬಳಕೆಯ ಗುರಿ ಗೊತ್ತುಮಾಡಿರುವುದು ಉಕ್ಕಿನ ಲೆಕ್ಕದಲ್ಲಿ, ಮೊದಲ ಹಂತದಲ್ಲಿ ಶೇಕಡ 8. ತನ್ನಷ್ಟಕ್ಕೇ ಮಾರಾಟವಾಗುವ ವಸ್ತುವಿಗೆ ಗುರಿಯಿಟ್ಟು, ಯಾರಿಗೂ ಬೇಡವಾದ ಸ್ಪಂಜು, ಪ್ಲಾಸ್ಟಿಕ್ಕುಗಳಿಗೆ ಇಡದಿರುವುದು ನಮಗೆ ಸರಿಯೆನಿಸುವುದಿಲ್ಲ. ಆದ್ದರಿಂದ ಕಾರು ಒಪ್ಪಿಸುವ ಮುನ್ನ ಎಣ್ಣೆ ಯಾರಿಗೆ ಹೋಗುತ್ತದೆ, ಸೀಟು ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ವಿಚಾರಿಸಿ.

ಕಾಗದಪತ್ರದ ವಿಷಯ ಸರಳ. ನೋಂದಾಯಿತ ಕೇಂದ್ರ, ಕಾರನ್ನು ಒಡೆಯಲು ಒಪ್ಪಿಸಿದ್ದಕ್ಕೆ ಸಾಕ್ಷಿಯಾಗಿ ಠೇವಣಿ ಪ್ರಮಾಣಪತ್ರ ಕೊಡುತ್ತದೆ; ಅದರ ಮೇಲೆ ಹೊಸ ಖಾಸಗಿ ಕಾರಿನ ಮೋಟಾರು ವಾಹನ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿಗೆ ಕೇಂದ್ರ ಸರ್ಕಾರದ ನಿಯಮದಲ್ಲಿ ಅವಕಾಶವಿದೆ. ಪರಿಚಯದ ಗುಜರಿಯವರಿಗೇ ಕೊಡುವುದೆಂದು ತಾವು ನಿಶ್ಚಯಿಸಿದರೂ ಆರ್‌.ಸಿ. ರದ್ದುಪಡಿಸುವ ಹೊಣೆ ತಮ್ಮದೇ. ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನಂತೆ, ವಾಹನ ನಾಶವಾದ ಅಥವಾ ಮತ್ತೆಂದೂ ಬಳಕೆಗೆ ಬಾರದಂತಾದ ಸಂಗತಿಯನ್ನು 14 ದಿನಗಳಲ್ಲಿ, ಆಗದಿದ್ದರೆ ಆದಷ್ಟು ಬೇಗ, ಆರ್‌.ಟಿ.ಒ.ಗೆ ತಿಳಿಸಬೇಕು.

— ಸಂಪಾದಕ