ಲಿಸ್ಬನ್ನಿನಲ್ಲಿ ಇಂಪೆರಿಯಾಲ್, ಪೋರ್ಟೊದಲ್ಲಿ ಫೀನು

ಪ್ರಶ್ನೆ: ಮಗ ಲಿಸ್ಬನ್ನಿನಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ತಿಂಗಳು ನಾನೂ ಯಜಮಾನರೂ ಹೊರಟಿದ್ದೇವೆ, ಪೋರ್ಟೊಗೂ ಹೋಗುತ್ತೇವೆ. ಇವರಿಗೆ ಸಂಜೆ ಒಂದು ಗ್ಲಾಸ್ ಬಿಯರ್ ರೂಢಿ. ಮಗನಿಗೆ ‘ತರಿಸಪ್ಪಾ’ ಅನ್ನಲು ಸಂಕೋಚ. ತಾವೇ ಪೋರ್ಚುಗೀಸಿನಲ್ಲಿ ಕೇಳುತ್ತಾರಂತೆ. ನಾನು ಕುಡಿಯುವುದಿಲ್ಲ. ಏನಂತ ಕೇಳಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಆ ಸಂಕೋಚ ನನಗೆ ಗೊತ್ತು ಅಮ್ಮ. ನಮ್ಮ ಅಪ್ಪ ಕೊನೆಯವರೆಗೂ ನನ್ನೆದುರು ಗ್ಲಾಸ್ ಮುಟ್ಟಲಿಲ್ಲ.

ಬಿಯರಿಗೆ ‘ಸೆರ್ವೇಜ’ ಅಂತ ಪುಸ್ತಕದಲ್ಲಿರುತ್ತದೆ. ಹಾಗೆ ಕೇಳಿದರೆ ಯಾವುದು, ಎಷ್ಟು ಅಂತ ಮರುಪ್ರಶ್ನೆ ಬರುತ್ತದೆ. ನಾವು ಕಲಿತ ಭಾಷೆ ಅಷ್ಟಕ್ಕೇ ಮುಗಿದಿರುತ್ತದೆ! ಲಿಸ್ಬನ್ನಿನಲ್ಲಿ ‘ಉಮ ಇಂಪೆರಿಯಾಲ್’ ಅನ್ನಲಿ. ಸುಮಾರು 200 ಎಂ.ಎಲ್. ಡ್ರಾಫ್ಟ್ ಬಿಯರ್ ಬರುತ್ತದೆ. ಪೋರ್ಟೊದಲ್ಲಿ ಅದೇ ಗ್ಲಾಸಿಗೆ ‘ಫೀನು’ ಅಂತ ಹೆಸರು, ‘ಉಂ ಫೀನು’ ಅನ್ನಬೇಕು. ನಾನು ಅಲ್ಲಿ ಇಂಪೆರಿಯಾಲ್ ಕೇಳಿದಾಗ ಸರ್ವರ್ ನಕ್ಕು, ‘ಫೀನು’ ಅಂತ ತಿದ್ದಿಯೇ ತಂದುಕೊಟ್ಟ. ದೊಡ್ಡ ಮಗ್ ಬೇಕಾದರೆ ‘ಕನೇಕ’.

ಮುಖ್ಯವಾದ ಮಾತು ಬೇರೆ ಇದೆ. ‘ಕೇರು’ ಅಂದರೆ ‘ಬೇಕು’. ಮೊದಲ ವಾರವೆಲ್ಲ ನಾನು ಹಾಗೇ ಅಂದೆ. ತಪ್ಪಲ್ಲ, ಆದರೆ ಸ್ವಲ್ಪ ಒರಟು. ‘ಕೆರೀಯ’ ಅನ್ನಬೇಕು, ಅಂದರೆ ‘ಬೇಕಿತ್ತು’. ನಾವೂ ಅಂಗಡಿಯಲ್ಲಿ ‘ಅರ್ಧ ಕೆಜಿ ಬೆಲ್ಲ ಬೇಕಿತ್ತು’ ಅಂತೀವಲ್ಲ, ಥೇಟ್ ಅದೇ. ಬೇಕಾಗಿರುವುದು ಈಗ, ಹೇಳುವುದು ಮಾತ್ರ ಆಗಿಹೋದ ಹಾಗೆ. ಕನ್ನಡದವರಿಗೆ ಇದನ್ನು ಬಾಯಿಪಾಠ ಮಾಡುವ ಕಷ್ಟವೇ ಇಲ್ಲ. ‘ಕೆರೀಯ ಉಮ ಇಂಪೆರಿಯಾಲ್, ಸ್ ಫಾಶ್ ಫವೋರ್’ – ಕೊನೆಯದು ‘ದಯವಿಟ್ಟು’. ಥ್ಯಾಂಕ್ಸಿಗೆ ಗಂಡಸರು ‘ಒಬ್ರಿಗಾದು’ ಅನ್ನಬೇಕು, ಹೆಂಗಸರು ‘ಒಬ್ರಿಗಾದ’. ಹಾಗಾಗಿ ಯಜಮಾನರು ಮೊದಲನೆಯದು, ನೀವು ಎರಡನೆಯದು.

ವೈನ್ ಅಂದರೆ ‘ವೀನ್ಯು’. ‘ತಿಂತು’ ಕೆಂಪು, ‘ಬ್ರಾಂಕು’ ಬಿಳಿ. ‘ವೇರ್ದ್’ ಅಂದರೆ ಹಸಿರು ಅಂತ ನಾನು ಹಸಿರು ವೈನಿಗೆ ಕಾದು ಕೂತಿದ್ದೆ, ಬಂದದ್ದು ಬಿಳಿ! ಇಲ್ಲಿ ಹಸಿರು ಅಂದರೆ ಎಳೆಯದು. ಉತ್ತರದ ಮಿನ್ಯು ಕಡೆಯ ವೈನ್ ಅದು.

ಲಿಸ್ಬನ್ನಿನ ಸಾವೊ ಡೊಮಿಂಗೊಸ್ ಚೌಕದಲ್ಲಿ 1840ರಿಂದ ಇರುವ ಒಂದು ಪುಟ್ಟ ಅಂಗಡಿ ಇದೆ. ಕುರ್ಚಿ ಇಲ್ಲ, ಜನ ಹೊರಗೆ ನಿಂತೇ ಕುಡಿಯುತ್ತಾರೆ. ಹುಳಿ ಚೆರ್ರಿಯ ಸಿಹಿ ಮದ್ಯ ‘ಜಿಂಜೀನ್ಯ’ ಅಲ್ಲಿ ಸಿಗುತ್ತದೆ. ‘ಕೋಂ ಎಲಶ್’ ಅಂದರೆ ಹಣ್ಣಿನ ಸಮೇತ, ‘ಸೆಂ ಎಲಶ್’ ಅಂದರೆ ಹಣ್ಣಿಲ್ಲದೆ. ಸಿಹಿ ಅಂತ ಶರಬತ್ತಿನ ಹಾಗೆ ಗಟಗಟ ಬೇಡ. ಪೋರ್ಟ್ ವೈನಿಗೂ ಇದೇ ಮಾತು. ದ್ರಾಕ್ಷಿ ರಸ ಹುಳಿಯುವಾಗಲೇ ದ್ರಾಕ್ಷಿಯ ಬ್ರಾಂದಿ ಸುರಿದು ಹುಳಿಯುವುದನ್ನು ನಿಲ್ಲಿಸುತ್ತಾರೆ, ಅದಕ್ಕೇ ಸಿಹಿ ಉಳಿಯುತ್ತದೆ, ಶೇ. 20ರ ಹತ್ತಿರ ಆಲ್ಕೋಹಾಲೂ ಇರುತ್ತದೆ.

ನಿಮಗೆ ‘ಆಗ್ವ ಸೆಂ ಗಾಶ್’, ಗ್ಯಾಸಿಲ್ಲದ ನೀರು. ‘ಫ್ರೆಶ್ಕ ಓ ನತುರಾಲ್?’ ಅಂತಾರೆ. ಮೊದಲನೆಯದು ಫ್ರಿಜ್ಜಿನದು, ಎರಡನೆಯದು ಹೊರಗಿಟ್ಟದ್ದು. ಕೇಳದೆ ಮೇಜಿಗೆ ತಂದಿಟ್ಟ ಬ್ರೆಡ್ಡು, ಆಲಿವ್ ಪುಕ್ಕಟೆ ಅಲ್ಲ. ಬಿಲ್ಲು ಬಂದಾಗ ನನ್ನ ಮುಖ ನೋಡಬೇಕಿತ್ತು. ಬೇಡವಾದರೆ ಮುಟ್ಟಬೇಡಿ.

ಮಗನೂ ಜೊತೆಗೆ ಕೂತರೆ ಏನನ್ನಬೇಕು ಅಂತ ನೀವು ಕೇಳಿಲ್ಲ. ಆದರೂ ಇರಲಿ: ‘ದುವಶ್ ಇಂಪೆರಿಯಾಯಿಶ್’ ಅಂದರೆ ಎರಡು.