ಅಡಿಕೆ ಸುಲಿಯುವ ಮಿಷನ್‌ಗೆ ಹೊಸ ಚೈನ್ ಹಾಕಿದರೂ ಹಲ್ಲು ಹಾರುತ್ತಿದೆ, ಯಾವ ಸ್ಪ್ರಾಕೆಟ್ ತರಬೇಕು?

ನೀವು ಹೇಳಿದ್ದು ಇಷ್ಟು: ಮಿಷನ್ನಿನ ಚೈನ್ ಜೋತು ಬಿದ್ದಿತ್ತು, ಪೇಟೆಯಿಂದ ಹೊಸ ಅರ್ಧ ಇಂಚಿನ ಚೈನ್ ತಂದು ಹಾಕಿದಿರಿ, ಲೋಡ್ ಬಿದ್ದ ಕೂಡಲೇ ಚೈನ್ ಕಟಕಟ ಎಂದು ಹಲ್ಲಿನಿಂದ ಹಲ್ಲಿಗೆ ಹಾರುತ್ತಿದೆ. ಸಣ್ಣ ಸ್ಪ್ರಾಕೆಟ್ಟನ್ನಾದರೂ (ಚೈನ್ ಓಡುವ ಹಲ್ಲಿನ ಚಕ್ರ) ಬದಲಿಸೋಣ ಎಂದು ಹೋದರೆ ಅಂಗಡಿಯವರು "ಅರ್ಧ ಇಂಚಿಂದಾ? ತಗೊಳ್ಳಿ" ಎಂದು ಕೊಟ್ಟದ್ದೂ ಚೈನಿಗೆ ಕೂರುತ್ತಿಲ್ಲ. ಸಾಗರದ ಕಡೆ ನನ್ನದೊಂದು ಲೇತ್ ಅಂಗಡಿ ಇದೆ. ಕೊಯ್ಲು ಶುರುವಾಯಿತೆಂದರೆ ಇಂಥ ಸ್ಪ್ರಾಕೆಟ್ಟುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಜನ ಬರುತ್ತಲೇ ಇರುತ್ತಾರೆ.

ನಿಮ್ಮ ಎರಡು ತೊಂದರೆಗೂ ಕಾರಣ ಬೇರೆ ಬೇರೆ. ಮೊದಲು ಆ ಕೂರದ ಸ್ಪ್ರಾಕೆಟ್ ವಿಷಯ.

ಅರ್ಧ ಇಂಚು ಎನ್ನುವುದು ಪಿಚ್ ಮಾತ್ರ, ಅಂದರೆ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ 12.7 ಮಿ.ಮೀ. ಹಾಗೆ ನೋಡಿದರೆ ಸೈಕಲ್ ಚೈನೂ ಅರ್ಧ ಇಂಚಿನದೇ! ಚೈನಿನ ಜಾತಿ ತಿಳಿಯಬೇಕಾದರೆ ರೋಲರ್, ಅಂದರೆ ಹಲ್ಲುಗಳ ನಡುವೆ ಕೂರುವ ಉರುಳೆ, ಎಷ್ಟು ದಪ್ಪ, ಕೊಂಡಿಯ ಒಳ ಅಗಲ ಎಷ್ಟು ಎಂಬ ಎರಡನ್ನೂ ನೋಡಬೇಕು. ನಮ್ಮಲ್ಲಿ ಹೆಚ್ಚು ಸಿಗುವ 08ಬಿ ಚೈನಿನ ರೋಲರ್ 8.51 ಮಿ.ಮೀ., ಒಳ ಅಗಲ 7.75. ಅಮೆರಿಕದ ಅಳತೆಯ 40 ನಂಬರಿನದು ಪಕ್ಕದಲ್ಲಿಟ್ಟರೆ ಅವಳಿಜವಳಿಯ ಹಾಗೆ ಕಾಣುತ್ತದೆ, ಆದರೆ ಅದರ ರೋಲರ್ 7.92. 41 ನಂಬರ್ ಎಂಬ ಇನ್ನೊಂದಿದೆ, ಅದರ ಒಳ ಅಗಲವೇ 6.25ರ ಆಸುಪಾಸು. 40ರ ಸ್ಪ್ರಾಕೆಟ್ ಮೇಲೆ 08ಬಿ ಚೈನ್ ಹಾಕಿದರೆ ದಪ್ಪ ರೋಲರ್ ಹಲ್ಲಿನ ಬುಡಕ್ಕೆ ಇಳಿಯುವುದಿಲ್ಲ, ಮೇಲೆಯೇ ತೇಲುತ್ತದೆ. ನಿಮಗಾಗಿರುವುದು ಬಹುಶಃ ಇದೇ. ತಿರುಗುಮುರುಗಾಗಿ ಹಾಕಿದರೆ ಚೈನ್ ಕೂರುತ್ತದೆ, ಆದರೆ ಗುಂಡಿಯೊಳಗೆ ರೋಲರ್ ಲೊಡಲೊಡ ಆಡುತ್ತದೆ. ಅದು ಇನ್ನೂ ಅಪಾಯ, ಏಕೆಂದರೆ ಸರಿಯಾಗಿದೆ ಎಂದೇ ಅನಿಸುತ್ತದೆ.

ವರ್ನಿಯರ್ ಇದ್ದರೆ ರೋಲರ್ ಅಳೆಯಿರಿ. ಇಲ್ಲದಿದ್ದರೆ 8.5ರ ಡ್ರಿಲ್ ಬಿಟ್ ಒಂದು ಸಾಕು. ಅದರ ನುಣುಪಾದ ಬುಡದ ಭಾಗವನ್ನು ಹೊಸ ಸ್ಪ್ರಾಕೆಟ್ಟಿನ ಎರಡು ಹಲ್ಲುಗಳ ನಡುವೆ ಇಟ್ಟು ಒತ್ತಿ ನೋಡಿ. ತಳಕ್ಕೆ ಹೋಗಿ ಮುಟ್ಟಿದರೆ 08ಬಿ. ಎರಡು ಕಡೆ ಕಚ್ಚಿಕೊಂಡು ಅಡಿಯಲ್ಲಿ ಬೆಳಕು ಕಂಡರೆ 40. ಇದನ್ನು ಹೊಸ ಸ್ಪ್ರಾಕೆಟ್ಟಿನಲ್ಲಿ ಮಾತ್ರ ಮಾಡಿ, ಸವೆದದ್ದು ಸುಳ್ಳು ಹೇಳುತ್ತದೆ. ಅದಕ್ಕೇ ಹಳೆಯ ಸ್ಪ್ರಾಕೆಟ್ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ ಎನ್ನುವುದು. ಚೈನಿನ ತುಂಡು ಒಯ್ಯಿರಿ. ಹಳೆಯದರಿಂದ ಬೇಕಾದದ್ದು ಹಲ್ಲಿನ ಲೆಕ್ಕ ಮತ್ತು ಬೋರಿನ, ಅಂದರೆ ಶಾಫ್ಟ್ ಕೂರುವ ತೂತಿನ, ಅಳತೆ ಅಷ್ಟೇ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದರೆ ತಪ್ಪುವುದಿಲ್ಲ.

ಇನ್ನು ಹಲ್ಲು ಹಾರುವುದು. ಚೈನ್ "ಎಳೆದು ಉದ್ದವಾಗಿದೆ" ಎನ್ನುತ್ತೇವಲ್ಲ, ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು, ಅದರ ಸುತ್ತಲಿನ ಬುಶ್ಶು ಚೂರು ಚೂರು ಸವೆದು ಪಿಚ್ ದೊಡ್ಡದಾಗಿರುತ್ತದೆ. ಹೊಸ ಚೈನಿನ 12 ಕೊಂಡಿ ಎಳೆದು ಹಿಡಿದರೆ 152.4 ಮಿ.ಮೀ. ಇರಬೇಕು, 155.5 ದಾಟಿದರೆ ಶೇ. 2 ಹೋಯಿತು, ಅಲ್ಲಿಗೆ ಬದಲಿಸುವುದು ಒಳ್ಳೆಯದು. ಪಿಚ್ ದೊಡ್ಡದಾದ ಚೈನ್ ಹಲ್ಲಿನ ಮೇಲಕ್ಕೆ ಏರಿ ಓಡುತ್ತದೆ, ಓಡುತ್ತಾ ಹಲ್ಲನ್ನು ತನ್ನ ಅಳತೆಗೆ ಕೊರೆದುಕೊಳ್ಳುತ್ತದೆ. ಕೊನೆಗೆ ಹಲ್ಲು ಕುಡುಗೋಲಿನ ತುದಿಯ ಹಾಗೆ ಒಂದು ಕಡೆ ಬಾಗಿರುತ್ತದೆ. ಅದರ ಮೇಲೆ ಸರಿ ಪಿಚ್ಚಿನ ಹೊಸ ಚೈನ್ ಕೂರಿಸಿದರೆ ರೋಲರ್ ಆ ಕೊಕ್ಕೆಗೆ ತಾಗಿ ಎಗರುತ್ತದೆ. ನಾನೂ ಒಮ್ಮೆ, ಪರಿಚಯದವರ ದುಡ್ಡು ಉಳಿಯಲಿ ಎಂದು, ಹಳೆಯ ಸ್ಪ್ರಾಕೆಟ್ಟಿನ ಮೇಲೆಯೇ ಹೊಸ ಚೈನ್ ಹಾಕಿಕೊಟ್ಟಿದ್ದೆ. ಆ ಸೀಸನ್ ಮುಗಿಯುವ ಮೊದಲೇ ಚೈನ್ ಮತ್ತೆ ಜೋತು ಬಿತ್ತು. ಬೈಸಿಕೊಂಡದ್ದು ಬೇರೆ.

ಸಣ್ಣ ಸ್ಪ್ರಾಕೆಟ್ ಎಷ್ಟು ಹಲ್ಲಿನದಿದೆ ಎಂದು ನೀವು ಬರೆದಿಲ್ಲ. 11 ಅಥವಾ 13 ಆಗಿದ್ದರೆ, ಜಾಗವಿದ್ದಲ್ಲಿ, ಅದೇ ಅಳತೆಯದನ್ನು ಮತ್ತೆ ತರುವ ಮುಂಚೆ ಯೋಚಿಸಿ. ಸ್ಪ್ರಾಕೆಟ್ ನಿಜಕ್ಕೂ ದುಂಡಗಿರುವುದಿಲ್ಲ, ಚೈನಿನ ಲೆಕ್ಕದಲ್ಲಿ ಅದೊಂದು ಬಹುಭುಜ. 11 ಹಲ್ಲಿದ್ದರೆ ಪ್ರತಿ ಹಲ್ಲಿಗೂ ಚೈನಿನ ವೇಗ ಸುಮಾರು ಶೇ. 4ರಷ್ಟು ಏರಿಳಿಯುತ್ತದೆ, 17ಕ್ಕೆ ಬಂದರೆ ಶೇ. 1.7. ಆ ಗಡಗಡ ಕಮ್ಮಿಯಾದರೆ ಚೈನೂ ಬೇರಿಂಗೂ ಎರಡೂ ಬಾಳುತ್ತವೆ. ಆದರೆ, ಉದಾಹರಣೆಗೆ, ಸಣ್ಣದೊಂದನ್ನೇ 15ರಿಂದ 17ಕ್ಕೆ ಏರಿಸಿದರೆ ಡ್ರಮ್ಮಿನ ವೇಗ ಶೇ. 13 ಜಾಸ್ತಿಯಾಗುತ್ತದೆ, ಅಡಿಕೆ ಒಡೆದೀತು. ಎದುರಿನ ಸ್ಪ್ರಾಕೆಟ್ 40 ಹಲ್ಲಿನದಿದ್ದರೆ ಅದನ್ನೂ 45 ಮಾಡಿ, ವೇಗ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಚೈನಿಗೆ ನಾಲ್ಕು ಕೊಂಡಿ ಸೇರಿಸಬೇಕಾದೀತು. ಮೂರರಲ್ಲಿ ಮುಗಿಸೋಣ ಎಂದು ಅರ್ಧ ಕೊಂಡಿ (ಕೊಂಡಿ ಬೆಸಸಂಖ್ಯೆಯಾದಾಗ ಜೋಡಿಸಲು ಹಾಕುವ ಬಾಗಿದ ಕೊಂಡಿ) ಹುಡುಕಬೇಡಿ, ಚೈನಿನಲ್ಲಿ ಮೊದಲು ಸೋಲುವುದು ಅದೇ. ಕೊಂಡಿ ಸರಿಸಂಖ್ಯೆ, ಸಣ್ಣ ಸ್ಪ್ರಾಕೆಟ್ಟಿನ ಹಲ್ಲು ಬೆಸಸಂಖ್ಯೆ ಇಟ್ಟುಕೊಂಡರೆ ಅದೇ ಹಲ್ಲಿಗೆ ಅದೇ ರೋಲರ್ ಮತ್ತೆ ಮತ್ತೆ ಬೀಳದೆ ಸವೆತ ಹಂಚಿಹೋಗುತ್ತದೆ.

ಉಕ್ಕಿನ ವಿಷಯದಲ್ಲಿ ಸಣ್ಣದಕ್ಕೆ ಮಾತ್ರ ಜಿಪುಣತನ ಬೇಡ. ದೊಡ್ಡದು ಒಂದು ಸುತ್ತು ಬರುವಷ್ಟರಲ್ಲಿ ಸಣ್ಣದರ ಒಂದೊಂದು ಹಲ್ಲೂ ಎರಡೂವರೆ ಸಲಕ್ಕಿಂತ ಹೆಚ್ಚು ಏಟು ತಿಂದಿರುತ್ತದೆ. ಹಾಗಾಗಿ ಸಣ್ಣದು ಇಎನ್8 ಅಥವಾ ಸಿ45 ಉಕ್ಕಿನದಾಗಿರಲಿ, ಹಲ್ಲು ಹಾರ್ಡನಿಂಗ್ ಆಗಿರಲಿ. ಅಂಗಡಿಯಲ್ಲಿ ಹಲ್ಲಿನ ಪಕ್ಕಕ್ಕೆ ಹಳೆಯ ಅರ ಒಂದೆಳೆ ಎಳೆಯಲು ಕೇಳಿ. ಜಾರಿದರೆ ಗಟ್ಟಿ, ಕಚ್ಚಿ ಪುಡಿ ಉದುರಿದರೆ ಮೆತ್ತಗಿನ ಎಂಎಸ್ (ಮೈಲ್ಡ್ ಸ್ಟೀಲ್). ದೊಡ್ಡದು ಎಂಎಸ್ ಆದರೂ ನಿಮ್ಮ ಲೋಡಿಗೆ ನಡೆಯುತ್ತದೆ. ಹಳೆಯ ದೊಡ್ಡ ಸ್ಪ್ರಾಕೆಟ್ಟಿನ ಬಾಸ್ (ನಡುವಿನ ದಪ್ಪ ಗುಬ್ಬಿ) ಚೆನ್ನಾಗಿದ್ದರೆ ಹಲ್ಲಿನ ಭಾಗ ತೆಗೆದು, ಹೊಸ ಪ್ಲೇಟ್ ಸ್ಪ್ರಾಕೆಟ್ ಕೂರಿಸಿ ವೆಲ್ಡ್ ಮಾಡಿಸಬಹುದು, ನಾವೂ ಮಾಡಿಕೊಡುತ್ತೇವೆ. ಸವೆದ ಹಲ್ಲಿಗೇ ವೆಲ್ಡಿಂಗ್ ತುಂಬಿ ಗ್ರೈಂಡರ್‌ನಲ್ಲಿ ಉಜ್ಜಿಕೊಡುತ್ತೇನೆ ಎಂದರೆ ಮಾತ್ರ ಕೈ ಮುಗಿದು ಬನ್ನಿ.

ಸ್ಪ್ರಾಕೆಟ್ ಸಾಮಾನ್ಯವಾಗಿ ಸಣ್ಣ ತೂತಿನೊಂದಿಗೇ ಬರುತ್ತದೆ, ನಿಮ್ಮ ಶಾಫ್ಟಿಗೆ ಬೋರ್ ಮಾಡಿಸಿ ಕೀ-ವೇ (ಶಾಫ್ಟಿನ ಮೇಲೆ ಸ್ಪ್ರಾಕೆಟ್ ಜಾರದಂತೆ ಹಿಡಿಯುವ ಕೀ ಕೂರುವ ಗಾಡಿ) ಹೊಡೆಸಬೇಕು. 20ರ ಶಾಫ್ಟಿಗೆ 6ರ ಕೀ, 25ಕ್ಕೆ 8ರದು. ಶಾಫ್ಟನ್ನು ಟೇಪಿನಲ್ಲಿ ಅಳೆದು "25" ಎಂದು ಹೇಳಿ ಕಳಿಸಬೇಡಿ, ಒಂದಿಂಚಿನ ಶಾಫ್ಟಾದರೆ 25.4 ಇರುತ್ತದೆ, ಆ ನಾಲ್ಕು ಪಾಯಿಂಟಿಗೆ ನೀವು ಮತ್ತೆ ಮೂವತ್ತು ಕಿಲೋಮೀಟರ್ ಬೈಕ್ ಓಡಿಸುತ್ತೀರಿ. ಲೇತಿನವರಿಗೆ ಬಾಸ್ ಹಿಡಿದು ಬೋರ್ ಮಾಡಲು ಹೇಳಿ. ಕಲಿಯುವ ಕಾಲದಲ್ಲಿ ನಾನು ಹಲ್ಲಿನ ತುದಿಯನ್ನೇ ಲೇತಿನ ಚಕ್ಕಿಗೆ (ಹಿಡಿತದ ದವಡೆಗೆ) ಕಚ್ಚಿಸಿ ಬೋರ್ ಮಾಡಿದ್ದೆ. ತೂತು ಒಂದು ಬದಿಗೆ ಸರಿದು, ಒಂದೇ ಸುತ್ತಿನಲ್ಲಿ ಚೈನ್ ಒಮ್ಮೆ ಬಿಗಿ ಒಮ್ಮೆ ಸಡಿಲ.

ಜೋಡಿಸುವಾಗ ಎರಡೂ ಸ್ಪ್ರಾಕೆಟ್ಟುಗಳ ಮುಖಕ್ಕೆ ಒಂದು ನೂಲು ಎಳೆದು ಹಿಡಿಯಿರಿ, ನಾಲ್ಕು ಕಡೆಯೂ ತಾಗಬೇಕು. ಶಾಫ್ಟುಗಳ ನಡುವೆ 40 ಸೆಂ.ಮೀ. ಇದ್ದರೆ ಸಡಿಲ ಬದಿಯಲ್ಲಿ ಚೈನ್ 8 ಮಿ.ಮೀ.ನಷ್ಟು ಜೋಲಿರಲಿ, ವೀಣೆಯ ತಂತಿ ಮಾಡಬೇಡಿ. ಜಾಯಿಂಟಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ಕಡೆಗೆ ಮುಂದಿರಲಿ. ಹಲ್ಲಿನ ಲೆಕ್ಕ, ರೋಲರ್ ಅಳತೆ, ಶಾಫ್ಟ್ ಎಷ್ಟು ಎಂದು ಇಲ್ಲೇ ಕೆಳಗೆ ಬರೆದರೆ ಅಂಗಡಿಯಲ್ಲಿ ಏನೆಂದು ಕೇಳಬೇಕೋ ಅದನ್ನು ಹಾಗೇ ಬರೆದುಕೊಡುತ್ತೇನೆ.